ರೋಸ್ತೋವಿನ ಗಂಟೆಗಳು

ರಷ್ಯದಲ್ಲಿ ರೋಸ್ತೋವ್ ಎಂಬ ಹೆಸರಿನ ಊರುಗಳು ಎರಡುಂಟು. ಒಂದು, ದಕ್ಷಿಣದಲ್ಲಿ ಡಾನ್ ನದಿಯ ತೀರದಲ್ಲಿರುವ ಮಹಾನಗರ. ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನ ಅಲ್ಲಿ ವಾಸಿಸುತ್ತಾರೆ. ಇನ್ನೊಂದು, ಮಾಸ್ಕೋ ನಗರಕ್ಕೆ ಈಶಾನ್ಯದಲ್ಲಿ ಸುಮಾರು ೧೨೫ ಮೈಲಿ ದೂರದಲ್ಲಿ, ನೇರೋ ಎಂಬ ಸರೋವರದ ದಡದಲ್ಲಿರುವ ಸಣ್ಣ ಪಟ್ಟಣ. ಅದರ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ವಿಚಿತ್ರವೇನೆಂದರೆ, ‘ಮಹಾ’ ಎಂಬ ಬಿರುದು ಸಂದಿರುವುದು ಈ ಸಣ್ಣ ಊರಿಗೆ. ರಷ್ಯನ್ನರು ಇದನ್ನು ರೋಸ್ತೋವ್ ವೆಲೀಕಿ, ಅಂದರೆ ಮಹಾ ರೋಸ್ತೋವ್ ಎಂದು ಕರೆಯುತ್ತಾರೆ. ಮಾಸ್ಕೋವಿನ ಹೆಸರು ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು ೧೧೪೭ರಲ್ಲಿ. ರೋಸ್ತೋವಿನ ಹೆಸರಾದರೋ ರಷ್ಯದ ಪುರಾತನ ವೃತ್ತಾಂತಗ್ರಂಥದಲ್ಲಿ ೮೬೨ನೆಯ ವರ್ಷದ ಸಂಗತಿಗಳೊಡನೆಯೇ ಬಂದಿದೆ. ಬಿರುದಿನ ಅರ್ಥ ಇದರಿಂದ ಸ್ವಲ್ಪ ಸ್ಪಷ್ಟವಾಗಬಹುದು.

ಈ ಊರಿನ ದೊಡ್ಡಸ್ತಿಕೆ ಮೊದಲು ಅಧಿಕಾರದಿಂದ ಬಂದದ್ದು. ಅಧಿಕಾರ ಎಂದೋ ಹೋಯಿತು. ಈಗ ಉಳಿದಿರುವುದು ಬಿಳಿಯ ಗೋಡೆಗಳು, ಗುಮ್ಮಟಗಳು ಮತ್ತು ಗಂಟೆಗಳು. ಕಲ್ಲು ಇಟ್ಟಿಗೆಗಳಿಂದ ಗಟ್ಟಿಯಾಗಿ ಕಟ್ಟಿದ್ದು ತಾನಾಗಿಯೇ ಶತಮಾನಗಳನ್ನು ದಾಟಿ ಬರುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ರೋಸ್ತೋವಿನ ಚರಿತ್ರೆಯನ್ನು ಓದಿದವರಿಗೆ ಈ ಭಾವನೆ ಉಳಿಯಲಾರದು. ಅಲ್ಲಿ ಇಂದು ನೋಡುವುದಕ್ಕೂ ಕೇಳುವುದಕ್ಕೂ ಸಿಕ್ಕುವ ಬಹು ಭಾಗ ಒಂದಲ್ಲ ಒಂದು ಕಾಲದಲ್ಲಿ ನಾಶದ ಅಂಚಿಗೆ ಹೋಗಿ, ಅದನ್ನು ಕಟ್ಟಿಸಿದವರ ಬಳಗಕ್ಕೆ ಸೇರದ ಕೆಲವರ ಪ್ರಯತ್ನದಿಂದ ಹಿಂದಿರುಗಿ ಬಂದದ್ದು. ಆ ಊರನ್ನು ನೋಡುವಾಗ ಕಟ್ಟಿದವರನ್ನು ನೆನೆಯುವಷ್ಟೇ ಉಳಿಸಿದವರನ್ನೂ ನೆನೆಯಬೇಕು.

ಮಾಸ್ಕೋವಿನಿಂದ ಯಾರೊಸ್ಲಾವ್ಲ್ ಪಟ್ಟಣಕ್ಕೆ ಹೋಗುವ ರೈಲುದಾರಿ ೧೮೭೦ರಲ್ಲಿ ಸಿದ್ಧವಾಯಿತು. ಇಂದಿಗೂ ಯಾತ್ರಿಕರು ಹೆಚ್ಚಾಗಿ ಈ ದಾರಿಯಿಂದಲೇ ರೋಸ್ತೋವಿಗೆ ಬರುತ್ತಾರೆ. ದಾರಿಯುದ್ದಕ್ಕೂ ಬರ್ಚ್ ಮತ್ತು ಪೈನ್ ಮರಗಳ ಕಾಡು. ನಡುನಡುವೆ ಮರದ ಮನೆಗಳ ಹಳ್ಳಿಗಳು. ಬೆಟ್ಟಗುಡ್ಡಗಳ ಆಟವಿಲ್ಲದ ಸಮನೆಲವದು. ಊರಿನ ನಿಜವಾದ ಮುಖವಿರುವುದು ರೈಲುನಿಲ್ದಾಣದ ಕಡೆಗಲ್ಲ, ಸರೋವರದ ಕಡೆಗೆ. ಬೇಸಗೆಯಲ್ಲಿ ದೋಣಿಯನ್ನೇರಿ ದಡದಿಂದ ಸ್ವಲ್ಪ ದೂರ ಹೋಗಿ ತಿರುಗಿ ನೋಡಬೇಕು. ಚಳಿಗಾಲದಲ್ಲಾದರೆ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದೇ ಹೋಗಬಹುದು. ಆಗ ತಗ್ಗಾದ ದಡದ ಮೇಲೆ ಬಿಳಿಯ ಗೋಡೆಗಳೂ ಬುರುಜುಗಳೂ ಅವುಗಳ ಮೇಲೆ ಈರುಳ್ಳಿಯಾಕಾರದ ಗುಮ್ಮಟಗಳೂ ಒಂದರ ಹಿಂದೊಂದು ಎದ್ದು ನಿಂತು, ನೀರಿನಿಂದಲೇ ಮೂಡಿಬಂದ ಪಟ್ಟಣದಂತೆ ತೋರುತ್ತವೆ.

ಈ ಸರೋವರ ಉದ್ದದಲ್ಲಿ ಸುಮಾರು ಎಂಟು ಮೈಲಿ, ಅಗಲದಲ್ಲಿ ಐದು ಮೈಲಿ. ಇಷ್ಟು ವಿಶಾಲವಾದರೂ ಇದರ ಆಳ ಸರಾಸರಿಯಲ್ಲಿ ಆರು ಅಡಿಗೂ ಕಡಿಮೆ. ತಳದಲ್ಲಿರುವುದೆಲ್ಲ ಸಾವಿರಾರು ವರ್ಷಗಳಿಂದ ಮಡುಗಟ್ಟಿದ ದಪ್ಪನೆಯ ಹೂಳು. ಇದರ ಹೆಸರಿಗೂ ರೋಮಿನ ಚಕ್ರವರ್ತಿ ನೀರೋವಿಗೂ ಯಾವ ಸಂಬಂಧವೂ ಇಲ್ಲ. ಸ್ಲಾವ್ ಜನರು ಬರುವುದಕ್ಕೆ ಮೊದಲು ಇಲ್ಲಿ ಬಾಳಿದ, ಫಿನ್ನರ ಭಾಷಾಕುಲಕ್ಕೆ ಸೇರಿದ ಮೇರ್ಯಾ ಎಂಬ ಜನಾಂಗದ ನೆಲವಿದು. ಆ ಹೂಳನ್ನು ಗೊಬ್ಬರವಾಗಿ ಹಾಕಿ ರೋಸ್ತೋವಿನವರು ಈರುಳ್ಳಿ, ಬಟಾಣಿ, ಚಿಕೋರಿ ಮುಂತಾದುವನ್ನು ಬೆಳೆಯುತ್ತಿದ್ದರು. ತರಕಾರಿಯ ಬೇಸಾಯದಲ್ಲಿ ಅವರಿಗಿದ್ದ ಕೀರ್ತಿ ರಷ್ಯದಲ್ಲೆಲ್ಲ ಹಬ್ಬಿತ್ತು. ಗುಮ್ಮಟದ ಆಕಾರವೂ ತೋಟದ ಬೆಳೆಯೂ ಒಂದೇ ಆದ ಊರು ಬೇರೆ ಎಲ್ಲಿ ಸಿಕ್ಕೀತು?

ಹತ್ತನೆಯ ಶತಮಾನದ ಕೊನೆಯಲ್ಲಿ ರಷ್ಯದ ಅರಸರು ಕ್ರೈಸ್ತ ಮತವನ್ನು ಸ್ವೀಕರಿಸಿದ ಸ್ವಲ್ಪ ಕಾಲದಲ್ಲಿಯೇ ರೋಸ್ತೋವ್ ಧರ್ಮಪೀಠವಾಯಿತು. ಇಲ್ಲಿನ ಮೊದಲ ದೊಡ್ಡ ಚರ್ಚು ಓಕ್ ಮರದ್ದು. ಅದು ೧೧೬೦ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ಜಾಗದಲ್ಲಿ ಎದ್ದ ಕಲ್ಲಿನ ಚರ್ಚು ೧೨೦೪ರಲ್ಲಿ ಕುಸಿದು ಬಿತ್ತು. ಮತ್ತೆ ಕಟ್ಟಿದರು. ೧೨೩೮ರಲ್ಲಿ ಮಂಗೋಲರ ದಂಡು ಈ ಪ್ರಾಂತವನ್ನು ತುಳಿದುಕೊಂಡು ಹೋದಾಗ ರೋಸ್ತೋವಿನ ಅರಸು ವಾಸಿಲ್ಕೋ ಸೆರೆಸಿಕ್ಕಿ ಹತನಾದನು. ಕಾಲಕ್ರಮದಲ್ಲಿ ರಾಜ್ಯಾಧಿಕಾರವೆಲ್ಲ ಮಾಸ್ಕೋವಿಗೆ ಸರಿಯಿತು. ರೋಸ್ತೋವಿಗೆ ಉಳಿದದ್ದು ಧರ್ಮಾಧಿಕಾರವೊಂದೇ. ಈಗ ಊರಿನ ನಡುವೆ ನಿಂತಿರುವ, ಐದು ಗುಮ್ಮಟಗಳ ಉಸ್ಪೆನ್ಸ್ಕಿ ಮಹಾಮಂದಿರ ಹದಿನಾರನೆಯ ಶತಮಾನದ್ದು. ಸುಟ್ಟು ಹೋದ, ಕುಸಿದು ಬಿದ್ದ ಹಳೆಯ ಚರ್ಚುಗಳ ನೆಲದ ಮೇಲೆಯೇ ಅದು ನಿಂತಿದೆ. ಅದರ ಗಾಂಭೀರ್ಯಕ್ಕೆ ಈ ಹಿನ್ನೆಲೆಯೂ ಕಾರಣವಿರಬೇಕು.

೧೬೦೮ರಲ್ಲಿ, ರಷ್ಯದಲ್ಲಿ ಅರಸೊತ್ತಿಗೆಯೇ ಅಲುಗಾಡುತ್ತಿದ್ದ ಕಾಲದಲ್ಲಿ, ಪೋಲೆಂಡಿನ ಕಡೆಯ ದಂಡು ರೋಸ್ತೋವನ್ನು ಕೊಳ್ಳೆಹೊಡೆಯಿತು. ಇಲ್ಲಿನ ಮೆಟ್ರೊಪಾಲಿಟನ್, ಅಂದರೆ ಬಿಷಪ್ಪರಿಗಿಂತ ಮೇಲಿನ ಧರ್ಮಾಧಿಕಾರಿ, ಫಿಲರೇಟ್ ಸೆರೆಯಾದನು. ಈತನ ಮಗ ಮಿಖಾಯಿಲನೇ ೧೬೧೩ರಲ್ಲಿ ಸಿಂಹಾಸನವನ್ನೇರಿ, ೧೯೧೭ರವರೆಗೆ ಆಳಿದ ರೊಮಾನೊವ್ ವಂಶಕ್ಕೆ ಮೊದಲಿಗನಾದನು.

ನಾವು ಇಂದು ಕಾಣುವ ರೋಸ್ತೋವನ್ನು ರೂಪಿಸಿದವನು ಇಯೋನಾ ಸಿಸೋಯೆವಿಚ್ ಎಂಬ ಮೆಟ್ರೊಪಾಲಿಟನ್. ಈತನು ಒಬ್ಬ ಬಡ ಹಳ್ಳಿಯ ಪಾದ್ರಿಯ ಮಗ. ತಂದೆಯ ಹೆಸರು ಸಿಸೋಯಿ. ೧೬೫೨ರಿಂದ ೧೬೯೦ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೆಂಟು ವರ್ಷ, ಇಯೋನಾ ರೋಸ್ತೋವಿನ ಪೀಠದಲ್ಲಿದ್ದನು. ನಡುವೆ ಕೆಲವು ಕಾಲ ಆತನಿಗೆ ಇನ್ನೂ ದೊಡ್ಡ ಪದವಿ ಕೈಗೆಟಕುವಂತಿತ್ತು. ರಷ್ಯದ ಚರ್ಚಿಗೆಲ್ಲ ಮುಖ್ಯಸ್ಥನಾಗಿದ್ದ ಪೇಟ್ರಿಯಾರ್ಕ್ ನಿಕೋನನು ಜಾರ್ ಚಕ್ರವರ್ತಿಯೊಡನೆ ಮನಸ್ತಾಪ ಬಂದು ೧೬೫೮ರಲ್ಲಿ ಪೀಠವನ್ನು ಬಿಟ್ಟು ಹೋಗಿದ್ದನು. ಅವನ ಸ್ಥಾನದಲ್ಲಿ ಕೆಲಸ ನೋಡಿಕೊಳ್ಳುವ ಹೊಣೆ ಇಯೋನಾನಿಗೆ ಬಂದಿತ್ತು. ೧೬೬೪ರ ಡಿಸೆಂಬರಿನಲ್ಲಿ, ಮಾಸ್ಕೋವಿನ ಮಹಾಮಂದಿರದಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ, ನಿಕೋನನು ಯಾರೂ ನಿರೀಕ್ಷಿಸದಂತೆ ಒಳಕ್ಕೆ ಬಂದು ತನ್ನ ಹಳೆಯ ಸ್ಥಾನದಲ್ಲಿ ನಿಂತನು. ಇಯೋನಾ ಅಭ್ಯಾಸಬಲದಿಂದಲೋ ಭಕ್ತಿಯಿಂದಲೋ ಮುಂದೆ ಹೋಗಿ ಅವನ ಆಶೀರ್ವಾದವನ್ನು ಪಡೆದನು. ಚಕ್ರವರ್ತಿಗೆ ಇದು ಸಹನೆಯಾಗಲಿಲ್ಲ. ಇಯೋನಾ ಮಾಸ್ಕೋವಿನ ಹೊಣೆಯನ್ನು ಕಳೆದುಕೊಂಡು ತನ್ನ ಸರೋವರದ ದಡಕ್ಕೆ ಹಿಂದಿರುಗಿದನು. ಸಾಮ್ರಾಜ್ಯದಲ್ಲಿ ನಡೆಯದ ಆತನ ಶಕ್ತಿಯೆಲ್ಲ ಅಲ್ಲಿಂದಾಚೆಗೆ ಇಟ್ಟಿಗೆ ಗಾರೆಗಳಲ್ಲಿ ಹರಿಯಿತು.

೧೬೭೦ರಿಂದ ಸುಮಾರು ಹದಿನೈದು ವರ್ಷಗಳಲ್ಲಿ ಆತನು ಕಟ್ಟಿಸಿದ ಆವರಣವನ್ನು ಈಗ ರೋಸ್ತೋವಿನ ಕ್ರೆಮ್ಲಿನ್ ಎನ್ನುತ್ತಾರೆ. ಕ್ರೆಮ್ಲಿನ್ ಎಂದರೆ ಕೋಟೆ. ಆದರೆ ಇದಕ್ಕೆ ಆ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಟ್ಟಿದವನ ಕಾಲದಲ್ಲಿ ಇದು ಮೆಟ್ರೊಪಾಲಿಟನ್ನನ ನಿವಾಸ ಮಾತ್ರ. ಎತ್ತರವಾದ ಗೋಡೆಯೂ ಬುರುಜುಗಳೂ ಉಂಟು, ನಿಜ. ಹತ್ತಿರ ಹೋಗಿ ನೋಡಿದರೆ ಆ ಬುರುಜುಗಳಲ್ಲಿ ದೊಡ್ಡ ದೊಡ್ಡ ಕಿಟಕಿಗಳೂ ಅವುಗಳ ಸುತ್ತ ಅಲಂಕಾರದ ಕೆತ್ತನೆಯೂ ಕಾಣುತ್ತವೆ. ಫಿರಂಗಿಯ ಕಾಲದಲ್ಲಿ ಇಂಥ ಗೋಡೆ ಯಾರನ್ನೂ ತಡೆಯಲಾರದು. ಇದು ಯುದ್ಧಕ್ಕಾಗಿ ಕಟ್ಟಿದ ಕೋಟೆಯಲ್ಲ. ಕಣ್ಣಿಗೆ ಕೋಟೆಯಂತೆ ಕಾಣಬೇಕೆಂದು ಕಟ್ಟಿದ್ದು. ನಡುವೆ ಒಂದು ಕೊಳ, ಸುತ್ತ ಮಂದಿರಗಳು, ಹೆಬ್ಬಾಗಿಲುಗಳ ಮೇಲೆಯೇ ಎದ್ದ ಚರ್ಚುಗಳು. ಧರ್ಮಗ್ರಂಥದಲ್ಲಿ ವರ್ಣಿತವಾದ ಸ್ವರ್ಗೀಯ ಪಟ್ಟಣವನ್ನು ನೆಲದ ಮೇಲೆ ಕಟ್ಟಿ ತೋರಿಸುವ ಹಂಬಲ ಇದರಲ್ಲಿ ಎದ್ದು ಕಾಣುತ್ತದೆ.

ಉತ್ತರದ ಬಾಗಿಲ ಮೇಲಿರುವ ಪುನರುತ್ಥಾನದ ಚರ್ಚು ೧೬೭೦ರದು. ಪಶ್ಚಿಮದ ಬಾಗಿಲ ಮೇಲಿರುವ ಸಂತ ಯೋಹಾನನ ಚರ್ಚು ೧೬೮೩ರದು. ಎರಡರ ಇಕ್ಕೆಲಗಳಲ್ಲಿಯೂ ದುಂಡನೆಯ ಬುರುಜುಗಳು ದ್ವಾರಪಾಲಕರಂತೆ ನಿಂತಿವೆ. ಗೋಡೆಯ ಮೇಲಿನ ಮುಚ್ಚಿದ ಹಾದಿಯಲ್ಲಿ ಒಂದು ಚರ್ಚಿನಿಂದ ಇನ್ನೊಂದಕ್ಕೆ ನೆಲಕ್ಕಿಳಿಯದೆ ಹೋಗಬಹುದು. ಒಳಗೆ ಕಾಲಿಟ್ಟವರಿಗೆ ತಲೆಯಿಂದ ಪಾದದವರೆಗೆ ಭಿತ್ತಿಚಿತ್ರಗಳು. ರಷ್ಯದ ಇತರ ಚರ್ಚುಗಳಲ್ಲಿ ಗರ್ಭಗೃಹಕ್ಕೂ ಭಕ್ತರು ನಿಲ್ಲುವ ಜಾಗಕ್ಕೂ ನಡುವೆ, ಸಂತರ ಚಿತ್ರಪಟಗಳನ್ನು ಸಾಲಾಗಿ ಜೋಡಿಸಿದ ಮರದ ತಡಿಕೆಯಿರುತ್ತದೆ. ಇಯೋನಾ ತನ್ನ ಚರ್ಚುಗಳಲ್ಲಿ ಮರದ ತಡಿಕೆಯ ಬದಲು ಗೋಡೆಯನ್ನೇ ಎಬ್ಬಿಸಿ, ಆ ಚಿತ್ರಗಳನ್ನು ಗೋಡೆಯ ಮೇಲೆಯೇ ಬರೆಯಿಸಿದನು. ಆತನ ಸ್ವಂತ ಪ್ರಾರ್ಥನೆಗಾಗಿ ೧೬೭೫ರಲ್ಲಿ ಆದ ರಕ್ಷಕನ ಚರ್ಚಿನಲ್ಲಿ ಗರ್ಭಗೃಹದ ಮುಂದಿನ ವೇದಿಕೆ ಹಲವು ಮೆಟ್ಟಿಲು ಎತ್ತರ. ಅದರ ಮೇಲೆ ಚಿನ್ನದ ಬಣ್ಣದ ಕಂಬಗಳ ಕಮಾನುಸಾಲು. ಭಕ್ತರಿಗಿಂತ ಪೂಜೆ ಮಾಡುವವರಿಗೇ ಅಲ್ಲಿ ಜಾಗ ಹೆಚ್ಚು. ಪೂಜಾವಿಧಿಯನ್ನು ಒಂದು ಭವ್ಯ ನಾಟಕದಂತೆ ಕಂಡವನ ಮನಸ್ಸು ಇಲ್ಲಿ ಗೋಚರವಾಗುತ್ತದೆ.

ಕಣ್ಣಿಗೆ ಇಷ್ಟು ಮಾಡಿಸಿದವನು ಕಿವಿಯನ್ನು ಮರೆಯಲಿಲ್ಲ. ಮಹಾಮಂದಿರದ ಪಕ್ಕದಲ್ಲಿ ೧೬೮೦ರ ದಶಕದಲ್ಲಿ ಇಯೋನಾ ಗಂಟೆಗಳಿಗಾಗಿಯೇ ಒಂದು ಕಟ್ಟಡವನ್ನು ಎಬ್ಬಿಸಿದನು. ಇದು ಗೋಪುರವಲ್ಲ, ದಪ್ಪನಾದ ಉದ್ದ ಗೋಡೆ, ಅದರ ನೆತ್ತಿಯಲ್ಲಿ ಕಮಾನುಗಳ ಸಾಲು, ಕಮಾನುಗಳಲ್ಲಿ ಗಂಟೆಗಳು. ಎಲ್ಲ ಗಂಟೆಗಳೂ ಒಂದೇ ಸಾಲಿನಲ್ಲಿರುವುದರಿಂದ ಬಾರಿಸುವವರು ಒಬ್ಬರನ್ನೊಬ್ಬರು ನೋಡಬಹುದು; ತಾಳ ತಪ್ಪದಿರುವುದಕ್ಕೆ ಇದೇ ಮುಖ್ಯ ಸಾಧನ. ಇವುಗಳಲ್ಲಿ ಮೂರು ಗಂಟೆಗಳು ಪ್ರಸಿದ್ಧವಾದುವು. ೧೬೮೨ರಲ್ಲಿ ಎರಕವಾದ ‘ಲೇಬೆದ್’, ಅಂದರೆ ಹಂಸ, ತೂಕ ಎಂಟು ಟನ್. ೧೬೮೩ರ ‘ಪೊಲಿಯೆಲೈನಿ’, ಹದಿನಾರು ಟನ್. ೧೬೮೮ರ ‘ಸಿಸೋಯಿ’, ಸುಮಾರು ಮೂವತ್ತೆರಡು ಟನ್. ಮೆಟ್ರೊಪಾಲಿಟನ್ ತನ್ನ ಅತಿ ದೊಡ್ಡ ಗಂಟೆಗೆ ಯಾವ ಸಂತನ ಹೆಸರನ್ನೂ ಯಾವ ಅರಸನ ಹೆಸರನ್ನೂ ಇಡಲಿಲ್ಲ. ಹಳ್ಳಿಯ ಪಾದ್ರಿಯಾಗಿದ್ದ ತನ್ನ ತಂದೆಯ ಹೆಸರನ್ನು ಇಟ್ಟನು.

ರಷ್ಯದ ಗಂಟೆಗೂ ಪಶ್ಚಿಮ ಯೂರೋಪಿನ ಗಂಟೆಗೂ ಒಂದು ಮುಖ್ಯ ಭೇದವುಂಟು. ಇಂಗ್ಲೆಂಡು ಮುಂತಾದ ಕಡೆಗಳಲ್ಲಿ ಗಂಟೆಯನ್ನೇ ಉಯ್ಯಾಲೆಯಂತೆ ತೂಗುತ್ತಾರೆ. ರಷ್ಯದಲ್ಲಿ ಗಂಟೆ ಅಲುಗುವುದಿಲ್ಲ. ಅದರ ನಾಲಗೆಗೆ ಹಗ್ಗ ಕಟ್ಟಿ ಎಳೆದು ಬಡಿಯುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ತೂಗುಹಾಕಿದ ಗಂಟೆಯ ಕ್ರಮವೂ ಇದೇ. ಅಷ್ಟೇ ಅಲ್ಲ, ರಷ್ಯನ್ ಭಾಷೆಯಲ್ಲಿಯೂ ಆ ಅಂಗಕ್ಕೆ ನಾಲಗೆಯೆಂಬ ಪದವನ್ನೇ ಬಳಸುತ್ತಾರೆ. ಸಿಸೋಯಿ ಗಂಟೆಯ ನಾಲಗೆಯನ್ನು ತೂಗುವುದಕ್ಕೆ ಇಬ್ಬರು ಆಳು ಬೇಕು. ಗಂಟೆಯ ಮೈ ಅಲುಗದಿರುವುದರಿಂದ ಎಷ್ಟು ದೊಡ್ಡ ಗಂಟೆಯನ್ನಾದರೂ ತೂಗುಹಾಕಬಹುದು. ನಾಲಗೆ ಬಾರಿಸುವವನ ವಶದಲ್ಲಿರುವುದರಿಂದ ಬೇಕಾದ ಲಯವನ್ನು ಹೊರಡಿಸಬಹುದು. ಆದ್ದರಿಂದ ರಷ್ಯದ ಗಂಟೆಯ ವಾದನದಲ್ಲಿ ರಾಗಕ್ಕಿಂತ ಲಯಕ್ಕೆ ಪ್ರಾಧಾನ್ಯ. ದೊಡ್ಡ ಗಂಟೆ ಕಾಲವನ್ನು ಅಳೆಯುತ್ತದೆ; ನಡುವಣವು ಅದನ್ನು ತುಂಬುತ್ತವೆ; ಸಣ್ಣವು ಚುರುಕಾದ ಜತಿಗಳನ್ನು ನುಡಿಯುತ್ತವೆ.

ರೋಸ್ತೋವಿನಲ್ಲಿ ಇದರ ಜೊತೆಗೆ ಸ್ವರದ ಹೊಂದಿಕೆಯೂ ಒದಗಿದೆ. ಮೂರು ದೊಡ್ಡ ಗಂಟೆಗಳ ನಾದ ಪಾಶ್ಚಾತ್ಯ ಸಂಗೀತದವರು ‘ಮೇಜರ್’ ಎನ್ನುವ ಸ್ವರಮೇಳವಾಗಿ ಕೂಡುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಸಿಸೋಯಿ ಷಡ್ಜ, ಪೊಲಿಯೆಲೈನಿ ಅಂತರಗಾಂಧಾರ, ಲೇಬೆದ್ ಪಂಚಮ. ಎರಕವಾದ ಮೇಲೆ ಇಂಥ ಭಾರದ ಲೋಹವನ್ನು ತಂತಿಯಂತೆ ಬಿಗಿದು ಶ್ರುತಿ ಮಾಡಲಾಗುವುದಿಲ್ಲ. ಅಚ್ಚಿನ ಅಳತೆಯಲ್ಲಿಯೇ ನಾದ ನಿಶ್ಚಯವಾಗಬೇಕು. ಎರಕದವರ ಕೈಚಳಕ ಎಂಥದಿರಬೇಕೆಂದು ಇದರಿಂದ ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಿಸ್ತಾರ್ಖ್ ಇಜ್ರಾಯಿಲೆವ್ ಎಂಬ ಪಾದ್ರಿ ಈ ಗಂಟೆಗಳ ನಾದವನ್ನು ಅಳೆದು, ಅದೇ ಸ್ವರ ಕೊಡುವ ಶ್ರುತಿಕವೆಗಳನ್ನು ಮಾಡಿ, ೧೮೮೪ರಲ್ಲಿ ಇವುಗಳ ಮೇಲೆ ಒಂದು ಪುಸ್ತಕವನ್ನು ಪ್ರಕಟಿಸಿದನು. ಬಾರಿಸುವ ಕ್ರಮಗಳಿಗೂ ಹೆಸರುಗಳುಂಟು. ಒಂದು ಕ್ರಮ ಇಯೋನಾನ ಹೆಸರಿನಲ್ಲಿಯೇ ಇದೆ.

ಈಗ ಕಷ್ಟದ ಭಾಗಕ್ಕೆ ಬರೋಣ. ಗಂಟೆಯೂ ಫಿರಂಗಿಯೂ ಒಂದೇ ಜಾತಿಯ ಲೋಹದವು. ತಾಮ್ರ ತವರಗಳ ಪ್ರಮಾಣ ಮಾತ್ರ ಬೇರೆ. ೧೭೦೦ರಲ್ಲಿ ನಾರ್ವಾ ಕದನದಲ್ಲಿ ಸ್ವೀಡನ್ನಿನವರಿಗೆ ಸೋತು ತನ್ನ ಫಿರಂಗಿಗಳನ್ನೆಲ್ಲ ಕಳೆದುಕೊಂಡ ಪೀಟರ್ ಚಕ್ರವರ್ತಿ, ಚರ್ಚುಗಳ ಗಂಟೆಗಳನ್ನು ಇಳಿಸಿ ಕುಲುಮೆಗೆ ಕಳುಹಿಸಬೇಕೆಂದು ಆಜ್ಞೆ ಮಾಡಿದನು. ರೋಸ್ತೋವಿನ ಮೂರು ಹಿರಿಯ ಗಂಟೆಗಳು ಆ ಸಲ ಪಾರಾದುವು. ಮುಂದಿನ ಪೆಟ್ಟು ಶತ್ರುವಿನಿಂದ ಬಂದದ್ದಲ್ಲ. ೧೭೮೮ರ ಹೊತ್ತಿಗೆ ಧರ್ಮಪೀಠ ಯಾರೊಸ್ಲಾವ್ಲಿಗೆ ವರ್ಗವಾಯಿತು. ಒಡೆಯರಿಲ್ಲದ ಆವರಣ ಉಗ್ರಾಣವಾಯಿತು. ಚಿತ್ರಿಸಿದ ಗೋಡೆಗಳ ನಡುವೆ ಸರಕಿನ ರಾಶಿ ಬಿದ್ದಿತು, ಮಾಡು ಸೋರಿತು, ಗೋಡೆಯಲ್ಲಿ ಗಿಡ ಬೆಳೆಯಿತು. ಇದನ್ನು ಕೆಡವಿ ಜಾತ್ರೆಯ ಅಂಗಡಿಗಳಿಗೆ ಜಾಗ ಮಾಡಬೇಕೆಂಬ ಯೋಜನೆಯೂ ಹುಟ್ಟಿತು.

ಆಗ ಅದನ್ನು ಉಳಿಸಿದವರು ಅರಸರೂ ಅಲ್ಲ, ಬಿಷಪ್ಪರೂ ಅಲ್ಲ. ಆ ಊರಿನ ವರ್ತಕರು. ೧೮೬೦ರ ದಶಕದಿಂದ ಅವರು ತಮ್ಮ ಹಣವನ್ನು ಸುರಿದು ಒಂದೊಂದೇ ಕಟ್ಟಡವನ್ನು ದುರಸ್ತಿ ಮಾಡಿಸಿದರು. ವರ್ತಕರಲ್ಲಿ ಆಂದ್ರೇಯ್ ತಿತೋವ್, ಇವಾನ್ ಶ್ಲ್ಯಾಕೊವ್ ಎಂಬಿಬ್ಬರು ಈ ಕೆಲಸವನ್ನು ಹೆಗಲಿಗೆ ಹಾಕಿಕೊಂಡವರು. ತಿತೋವ್ ಹಳೆಯ ಹಸ್ತಪ್ರತಿಗಳ ಸಂಗ್ರಾಹಕನೂ ಆಗಿದ್ದನು. ಮೆಟ್ರೊಪಾಲಿಟನ್ನರ ಔತಣಶಾಲೆಯಾಗಿದ್ದ ‘ಬಿಳಿಯ ಮಂದಿರ’ವನ್ನು ಜೀರ್ಣೋದ್ಧಾರ ಮಾಡಿ ೧೮೮೩ರಲ್ಲಿ ಅದರಲ್ಲಿ ಪುರಾತನ ವಸ್ತುಗಳ ಸಂಗ್ರಹಾಲಯವನ್ನು ತೆರೆದರು. ಈ ಒಂದು ಕೆಲಸದ ಫಲ ಎಷ್ಟು ದೊಡ್ಡದಾಯಿತೆಂಬುದು ಅವರ ತರುವಾಯದ ಕಾಲದಲ್ಲಿ ತಿಳಿಯಿತು.

ಇಲ್ಲಿ ನಮ್ಮ ನಾಡಿಗೂ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳಬಹುದು. ೧೯೦೩ರಲ್ಲಿ ನಿಕೋಲಾಸ್ ರೋರಿಕ್ ಎಂಬ ತರುಣ ಚಿತ್ರಕಾರನು ತನ್ನ ಪತ್ನಿಯೊಡನೆ ರಷ್ಯದ ಹಳೆಯ ಪಟ್ಟಣಗಳನ್ನು ಸುತ್ತಿ, ರೋಸ್ತೋವಿಗೂ ಬಂದು ಅಲ್ಲಿನ ಕಟ್ಟಡಗಳನ್ನು ಚಿತ್ರಿಸಿದನು. ಹಳೆಯ ಕೃತಿಗಳು ಅನಾದರಕ್ಕೆ ಗುರಿಯಾಗಿರುವುದನ್ನು ಕಂಡು ಮರುಗಿದನು. ಯುದ್ಧಕಾಲದಲ್ಲಿಯೂ ಶಾಂತಿಕಾಲದಲ್ಲಿಯೂ ಕಲಾಸಂಪತ್ತನ್ನು ರಕ್ಷಿಸಬೇಕೆಂಬ ಆತನ ವಾದ ಬೆಳೆದು, ೧೯೩೫ರ ಏಪ್ರಿಲ್ ೧೫ರಂದು ವಾಷಿಂಗ್‌ಟನ್ನಿನಲ್ಲಿ ಅಮೆರಿಕ ಖಂಡಗಳ ರಾಷ್ಟ್ರಗಳು ಸಹಿ ಹಾಕಿದ ‘ರೋರಿಕ್ ಒಡಂಬಡಿಕೆ’ಯಾಯಿತು. ಆತನು ೧೯೪೭ರಲ್ಲಿ ಹಿಮಾಲಯದ ಕುಲು ಕಣಿವೆಯಲ್ಲಿ ತೀರಿಕೊಂಡನು. ಆತನ ಮಗ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರು ನಟಿ ದೇವಿಕಾ ರಾಣಿಯವರನ್ನು ವಿವಾಹವಾಗಿ, ಬೆಂಗಳೂರಿನ ಹತ್ತಿರ ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಹುಕಾಲ ಇದ್ದು, ೧೯೯೩ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ನೇರೋ ಸರೋವರದ ದಡದಲ್ಲಿ ಚಿತ್ರ ಬರೆದ ಕುಟುಂಬದ ಒಂದು ಕೊನೆ ನಮ್ಮ ಊರಿಗೆ ಬಂದು ಮುಟ್ಟಿತು.

೧೯೧೭ರ ಕ್ರಾಂತಿಯ ಬಳಿಕ ಹೊಸ ಸರಕಾರ ಚರ್ಚುಗಳನ್ನು ಮುಚ್ಚುತ್ತಾ ಬಂದಿತು. ೧೯೨೦ರ ದಶಕದ ಕೊನೆಯಲ್ಲಿಯೂ ಮುಂದಿನ ದಶಕದಲ್ಲಿಯೂ ರಷ್ಯದಲ್ಲೆಲ್ಲ ಸಾವಿರಾರು ಗಂಟೆಗಳನ್ನು ಗೋಪುರಗಳಿಂದ ಉರುಳಿಸಿ, ಒಡೆದು, ಕಾರ್ಖಾನೆಗಳಿಗೆ ಲೋಹವಾಗಿ ಕಳುಹಿಸಿದರು. ರೋಸ್ತೋವಿನಲ್ಲಿ ಮಹಾಮಂದಿರದ ಗಂಟೆಗಳು ಮಾತ್ರ ಸ್ವಸ್ಥಾನದಲ್ಲಿ ಉಳಿದುವು; ಅವನ್ನು ಪೂಜೆಯ ಉಪಕರಣವಾಗಿ ಅಲ್ಲ, ಸಂಗ್ರಹಾಲಯಕ್ಕೆ ಸೇರಿದ ಪುರಾತನ ವಸ್ತುವಾಗಿ ಕಾಪಾಡಿದರು. ವರ್ತಕರು ನೆಟ್ಟ ಗಿಡ ಹೀಗೆ ನೆರಳು ಕೊಟ್ಟಿತು. ಆದರೆ ಅವುಗಳನ್ನು ಬಾರಿಸುವುದು ನಿಂತಿತು. ಮೂವತ್ತೆರಡು ಟನ್ ತೂಕದ ಗಂಟೆ ಹಲವು ದಶಕಗಳ ಕಾಲ ಸುಮ್ಮನೆ ತೂಗಿಕೊಂಡಿತ್ತು.

ಇಷ್ಟರಲ್ಲಿ ಪ್ರಕೃತಿಯೂ ಒಂದು ಪರೀಕ್ಷೆಯನ್ನೊಡ್ಡಿತು. ೧೯೫೩ರ ಆಗಸ್ಟ್ ೨೪ರಂದು ಬೀಸಿದ ಪ್ರಚಂಡ ಬಿರುಗಾಳಿ ಗುಮ್ಮಟಗಳನ್ನು ಕಿತ್ತು ಕೆಡವಿ ಮಾಡುಗಳನ್ನು ಹಾರಿಸಿತು. ದುರಸ್ತಿಯ ಭಾರ ವ್ಲಾದಿಮಿರ್ ಬಾನಿಗೆ ಎಂಬ ಶಿಲ್ಪಿಯ ಮೇಲೆ ಬಿದ್ದಿತು. ಆತನ ಮುಂದೆ ಒಂದು ಕಠಿಣ ಪ್ರಶ್ನೆಯಿತ್ತು: ಹಿಂದಿನ ದಿನ ಹೇಗಿತ್ತೋ ಹಾಗೆ ಮಾಡಬೇಕೆ, ಇಯೋನಾನ ಕಾಲದಲ್ಲಿ ಹೇಗಿತ್ತೋ ಹಾಗೆ ಮಾಡಬೇಕೆ? ನಡುವಣ ಶತಮಾನಗಳಲ್ಲಿ ದುರಸ್ತಿಯ ಅನುಕೂಲಕ್ಕಾಗಿ ಹಾಕಿದ್ದ ಸಾದಾ ಇಳಿಜಾರು ಮಾಡುಗಳೂ ಚರಿತ್ರೆಯ ಭಾಗವೇ ಎಂದು ವಾದಿಸಬಹುದಾಗಿತ್ತು. ಬಾನಿಗೆ ಹಳೆಯ ಗುರುತುಗಳನ್ನು ಹುಡುಕಿ ತೆಗೆದು, ಮೂಲರೂಪದ ಕಡೆಗೇ ವಾಲಿದನು. ಮಹಾಮಂದಿರದ ಮಾಡು ಈಗ ಗೋಡೆಯ ಕಮಾನುಗಳ ಬಾಗನ್ನೇ ಅನುಸರಿಸಿದೆ. ಹೀಗಾಗಿ ಇಂದು ಯಾತ್ರಿಕನು ಕಾಣುವ ಹದಿನೇಳನೆಯ ಶತಮಾನ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಕೆಲಸಗಾರರ ಕೈಯದು. ಇದರಿಂದ ಅದರ ಬೆಲೆ ಕುಂದಿತೆಂದು ನನಗೆ ತೋರುವುದಿಲ್ಲ. ಮೂರು ಸಲ ಬಿದ್ದು ನಾಲ್ಕನೆಯ ಸಲ ಎದ್ದ ಮಂದಿರದ ಊರಿನಲ್ಲಿ ಮರಳಿ ಕಟ್ಟುವುದೇ ಸಂಪ್ರದಾಯ.

ಗಂಟೆಗಳ ಸಂಗತಿಯಲ್ಲಿಯೂ ಹಾಗೆಯೇ ಆಯಿತು. ೧೯೬೦ರ ದಶಕದಲ್ಲಿ, ಹಿಂದೆ ಬಾರಿಸುತ್ತಿದ್ದ ಮುದುಕರು ಇನ್ನೂ ಬದುಕಿದ್ದಾಗ, ಅವರನ್ನು ಕರೆದು ಬಾರಿಸಿ ಗ್ರಾಮಫೋನ್ ತಟ್ಟೆಗೆ ನಾದವನ್ನು ತುಂಬಿಕೊಂಡರು. ಟಾಲ್‌ಸ್ಟಾಯಿಯ ‘ಯುದ್ಧ ಮತ್ತು ಶಾಂತಿ’ಯನ್ನು ಆಧರಿಸಿ ಸೆರ್ಗೇಯ್ ಬೊಂದಾರ್ಚುಕ್ ತಯಾರಿಸಿದ ಚಲನಚಿತ್ರದಲ್ಲಿಯೂ ಈ ಗಂಟೆಗಳ ದನಿಯುಂಟು. ೧೯೮೦ರ ದಶಕದ ಕೊನೆಯಲ್ಲಿ ನಿಯತವಾಗಿ ಬಾರಿಸುವುದು ಮರಳಿ ಆರಂಭವಾಯಿತು. ೧೯೯೧ರಲ್ಲಿ ಸೋವಿಯತ್ ಆಳ್ವಿಕೆ ಮುಗಿದ ಮೇಲೆ, ಸರೋವರದ ದಡದ ಯಾಕೊವ್ಲೆವ್ ಮಠವೂ ಮಹಾಮಂದಿರವೂ ಚರ್ಚಿನವರ ಕೈಗೆ ಹಿಂದಿರುಗಿದುವು; ಇಯೋನಾನ ಆವರಣ ಸಂಗ್ರಹಾಲಯವಾಗಿಯೇ ಇದೆ. ಒಂದೇ ಊರಿನಲ್ಲಿ ಭಕ್ತರಿಗೂ ಜಿಜ್ಞಾಸುಗಳಿಗೂ ಎಡೆಯಾಗಿದೆ.

ಗೋಡೆಯನ್ನು ಸುಮ್ಮನೆ ಬಿಟ್ಟು ಕಾವಲು ಹಾಕಿದರೆ ಒಂದಿಷ್ಟು ಕಾಲ ಉಳಿದೀತು. ಗಂಟೆಯ ಸಂಗತಿ ಬೇರೆ. ಲೋಹವನ್ನು ಕಾಪಾಡಿದರೆ ಸಾಲದು; ಯಾವ ಗಂಟೆ ಮೊದಲು, ಯಾವುದು ಆಮೇಲೆ, ಎಷ್ಟು ತಡೆದು ಹೊಡೆಯಬೇಕು ಎಂಬುದನ್ನು ಬಲ್ಲವನೊಬ್ಬ ಬೇಕು; ಅವನಿಂದ ಕಲಿಯುವ ಇನ್ನೊಬ್ಬನೂ ಬೇಕು. ಲೋಹ ಸಂಗ್ರಹಾಲಯದ ಪಟ್ಟಿಯಲ್ಲಿ ಉಳಿದಿತ್ತು; ವಿದ್ಯೆ ಕೆಲವು ಮುದುಕರ ತೋಳುಗಳಲ್ಲಿ ಉಳಿದಿತ್ತು. ಇನ್ನು ಇಪ್ಪತ್ತು ವರ್ಷ ತಡವಾಗಿದ್ದರೆ ರೋಸ್ತೋವಿನಲ್ಲಿ ಗಂಟೆಗಳು ಇರುತ್ತಿದ್ದುವು, ಅವುಗಳ ವಾದನ ಇರುತ್ತಿರಲಿಲ್ಲ. ಹಳೆಯದನ್ನು ಕಾಪಾಡುತ್ತೇವೆಂದು ಹೇಳಿಕೊಳ್ಳುವ ಯಾವ ನಾಡಾದರೂ ಈ ಲೆಕ್ಕವನ್ನು ಮನಸ್ಸಿನಲ್ಲಿಡತಕ್ಕದ್ದು. ಸಿಸೋಯಿಯ ಷಡ್ಜ ಇಂದು ಆ ತಗ್ಗು ದಡವನ್ನು ದಾಟಿ ನೀರಿನ 위 ಹರಡುವಾಗ, ಅದರಲ್ಲಿ ಎರಕ ಹೊಯ್ದವನ ಪಾಲಿರುವಂತೆ, ಮರೆಯದೆ ಕಲಿಸಿಕೊಟ್ಟವನ ಪಾಲೂ ಉಂಟು.